ಹಸಿ ಗರಿಯ ಗುಡಿಸಲು ಕಟ್ಟಿದವನು

ನನ್ನ ಕೈಕೆಳಗೆ ಕೆಲಸಕ್ಕೆ ಬರುವ ಕಿರಿಯ ವಕೀಲರಿಗೆ ಮೊದಲ ದಿನವೇ ಒಂದು ಮಾತು ಹೇಳಿಬಿಡುತ್ತೇನೆ. ‘ಇಲ್ಲಿ ನಿಮ್ಮ ಕಕ್ಷಿದಾರ ಅಂದರೆ ಮಗು. ಅಮ್ಮ ಅಲ್ಲ, ಅಪ್ಪ ಅಲ್ಲ, ಅಳುತ್ತಾ ಬಂದು ಕಾಲಿಗೆ ಬೀಳುವ ಅಜ್ಜಿಯೂ ಅಲ್ಲ. ಇದನ್ನು ಮರೆತ ದಿನ ಬ್ಯಾಗು ಎತ್ತಿಕೊಂಡು ಸಿವಿಲ್ ಕೋರ್ಟಿಗೆ ಹೋಗಿ, ಗದ್ದೆ ಬದುವಿನ ಕೇಸು ನಡೆಸಿ.’ ಕೆಲವರು ನಗುತ್ತಾರೆ. ನಕ್ಕವರ ನಗು ಸ್ವಲ್ಪ ದಿನದಲ್ಲೇ ಇಳಿದಿರುತ್ತದೆ.

ನಾನಿರುವುದು ತೇನಿಯಲ್ಲಿ. ಕಾನೂನು ನೆರವಿನ ಕಡೆಯಿಂದ ಮಕ್ಕಳ ಪರವಾಗಿ ನಿಲ್ಲುವ ವಕೀಲರ ಮೇಲ್ವಿಚಾರಣೆ ನನ್ನ ಕೆಲಸ. ತೇನಿಯಲ್ಲೂ ದಿಂಡಿಗಲ್‌ನಲ್ಲೂ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಅವರು ವಾದ ಮಾಡುತ್ತಾರೆ. ನಾನು ಅವರ ಕಾಗದ ತಿದ್ದುತ್ತೇನೆ, ಬೈಯುತ್ತೇನೆ, ಊಟ ಆಯ್ತಾ ಎಂದು ಕೇಳುತ್ತೇನೆ, ತೀರಾ ಸಿಕ್ಕಿಹಾಕಿಕೊಂಡರೆ ನಾನೇ ಎದ್ದು ನಿಲ್ಲುತ್ತೇನೆ. ಸಮಿತಿಯೂ ಒಂದು ಥರದ ಕೋರ್ಟೇ. ಕಟಕಟೆ ಇಲ್ಲ, ಉದ್ದನೆಯ ಮೇಜಿದೆ, ಹಿಂದಿನ ಗೋಡೆಯ ಮೇಲೆ ಯಾರೋ ಬರೆಸಿದ ಆನೆ, ಒಂಟೆ, ನವಿಲು ಇವೆ. ಆ ನವಿಲಿನ ಮುಂದೆ ಕೂತು ಒಂದು ಮಗು ಯಾರ ಮನೆಯಲ್ಲಿ ಬೆಳೆಯಬೇಕೆಂದು ತೀರ್ಮಾನ ಮಾಡುತ್ತಾರೆ. ಈ ಕೆಲಸ ನನಗೆ ಚೆನ್ನಾಗಿ ಬರುತ್ತದೆ. ಹಾಗೆ ಹೇಳಿಕೊಳ್ಳಲು ನನಗೆ ನಾಚಿಕೆಯೇನೂ ಇಲ್ಲ.

ನಮ್ಮದು ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ನಮ್ಮ ಹಿರಿಯರು ಈ ಕಂಬಂ ಕಣಿವೆಗೆ ಬಂದು ಎಷ್ಟು ತಲೆಮಾರಾಯಿತೋ ಯಾರಿಗೂ ಗೊತ್ತಿಲ್ಲ. ಅಕ್ಷರ ಮಾತ್ರ ನಾನು ಮೈಸೂರಿನಲ್ಲಿ ಲಾ ಓದುವಾಗ ಕಲಿತದ್ದು. ಹಾಸ್ಟೆಲಿನ ಹುಡುಗಿಯರು ನನ್ನ ಮಾತು ಕೇಳಿ, ‘ಯಾವ ಕಾಲದ ಕನ್ನಡವೇ ಇದು!’ ಎಂದು ಬಿದ್ದು ಬಿದ್ದು ನಗುತ್ತಿದ್ದರು. ನಗಲಿ ಬಿಡಿ. ಅದೇ ಕನ್ನಡ ನನ್ನ ಕೆಲಸದಲ್ಲಿ ಎಷ್ಟೋ ಸಲ ಕೈ ಹಿಡಿದಿದೆ.

ಈ ಕೇಸನ್ನು ನನ್ನ ಮೇಜಿಗೆ ತಂದವಳು ದಿಂಡಿಗಲ್‌ನ ಹುಡುಗಿ, ನನ್ನ ಕಿರಿಯರಲ್ಲೆಲ್ಲ ಚುರುಕು. ಆವತ್ತು ಸಿಟ್ಟಿನಿಂದ ಅವಳ ಮುಖ ಕೆಂಪಾಗಿತ್ತು.

‘ಮೇಡಂ, ಹದಿಮೂರು ವರ್ಷದ ಹುಡುಗಿಯನ್ನು ಮನೆಯ ಹೊರಗೆ ಗರಿಯ ಗುಡಿಸಲಲ್ಲಿ ಕೂಡಿ ಹಾಕಿದ್ದರಂತೆ. ಯಾರೋ ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದ್ದಾರೆ. ಅವರು ಹೋಗಿ ಬಿಡಿಸಿಕೊಂಡು ಬಂದು ಇಲ್ಲಿನ ಬಾಲಕಿಯರ ಗೃಹದಲ್ಲಿ ಇಟ್ಟಿದ್ದಾರೆ. ಚಿನ್ನಮನೂರಿನವರು.’ ಆಮೇಲೆ ದನಿ ತಗ್ಗಿಸಿ, ‘ನಿಮ್ಮ ಜನ’ ಎಂದಳು.

ನನಗೆ ನಗು ಬಂತು. ‘ಕೂಡಿ ಹಾಕಿದ್ದರಾ? ಗುಡಿಸಲಿಗೆ ಬಾಗಿಲಿತ್ತಾ?’

‘ವರದಿಯಲ್ಲಿ ಬಾಗಿಲಿನ ವಿಷಯ ಇಲ್ಲ.’

‘ಇರೋದೇ ಇಲ್ಲ ತಾಯಿ. ಇಲ್ಲದ ಬಾಗಿಲಿಗೆ ಬೀಗ ಎಲ್ಲಿಂದ ಬರುತ್ತೆ?’

ಅವಳಿಗೆ ಕೂರಿಸಿ ಹೇಳಿದೆ. ನಮ್ಮವರಲ್ಲಿ ಹುಡುಗಿ ದೊಡ್ಡವಳಾದರೆ ಹಸಿ ತೆಂಗಿನ ಗರಿಯಲ್ಲಿ ಒಂದು ಗುಡಿಸಲು ಕಟ್ಟುತ್ತಾರೆ. ಸೋದರಮಾವನೇ ಗರಿ ಕಡಿದು ತಂದು ಕಟ್ಟಬೇಕು. ಕೆಲವು ದಿನ ಹುಡುಗಿ ಅದರಲ್ಲಿ ಕೂರುತ್ತಾಳೆ, ಅವಳ ತಟ್ಟೆ ಲೋಟ ಬೇರೆ, ದಿನಾ ಉದ್ದಿನ ಕಳಿ, ಅಂದರೆ ಎಳ್ಳೆಣ್ಣೆ ಸುರಿದ ಉದ್ದಿನ ಹಿಟ್ಟಿನ ಮುದ್ದೆ, ತಿನ್ನಿಸುತ್ತಾರೆ, ಕೊನೆಗೆ ನೀರು ಹಾಕಿ ಮನೆಯೊಳಗೆ ಕರೆದುಕೊಂಡು ಗುಡಿಸಲನ್ನು ಸುಟ್ಟುಬಿಡುತ್ತಾರೆ. ನಾನೂ ಕೂತವಳೇ. ಸೊಳ್ಳೆ ಕಚ್ಚಿ ಕಚ್ಚಿ ಮೈಯೆಲ್ಲ ದದ್ದೆದ್ದಿತ್ತು, ಎಳ್ಳೆಣ್ಣೆಯ ಕಳಿ ತಿಂದು ತಿಂದು ವಾಕರಿಕೆ ಬರುತ್ತಿತ್ತು. ಹುಡುಗಿಯನ್ನು ಹೊರಗೆ ಕೂರಿಸುವ ಈ ಪದ್ಧತಿ ನನಗೆ ಆಗಲೂ ಸೇರಲಿಲ್ಲ, ಈಗಲೂ ಸೇರುವುದಿಲ್ಲ. ನನ್ನ ಮಗಳಿಗೆ ಕಟ್ಟಿಸಲಿಲ್ಲ. ಮನೆಯಲ್ಲಿ ದೊಡ್ಡ ರಂಪವಾಯಿತು, ಆಗಲಿ ಅಂದೆ. ಆದರೂ ಅದನ್ನು ಜೈಲು ಅಂದರೆ ನನಗೆ ಮೈ ಉರಿಯುತ್ತದೆ.

‘ಹಾಗಾದರೆ ಸುಲಭ’ ಎಂದು ಅವಳು ವರದಿಯ ಮುಂದಿನ ಹಾಳೆ ತಿರುವಿದಳು. ‘ಹುಡುಗಿಗೆ ಅಮ್ಮ ಇಲ್ಲ. ಅಪ್ಪ ಇನ್ನೊಂದು ಮದುವೆಯಾಗಿ ತಿರುಪ್ಪೂರಿಗೆ ಹೋದವನು ತಿರುಗಿ ನೋಡಿಲ್ಲ. ಸಾಕುತ್ತಿರೋರು ಅಮ್ಮನ ತಾಯಿ, ಅಮ್ಮನ ತಮ್ಮ. ಗುಡಿಸಲು ಕಟ್ಟಿದವನು ಆ ತಮ್ಮನೇ. ಮೂವತ್ತರ ಹತ್ತಿರ ವಯಸ್ಸು. ಮದುವೆಯಾಗಿಲ್ಲ.’

ನನ್ನ ನಗು ನಿಂತುಹೋಯಿತು. ನಮ್ಮಲ್ಲಿ ಸೋದರಮಾವನಿಗೂ ಅಕ್ಕನ ಮಗಳಿಗೂ ಮುರೈ ಉಂಟು, ಅಂದರೆ ಮದುವೆಯಾಗುವ ಹಕ್ಕಿನ ನಂಟು. ಮದುವೆಯಾಗದ ಮಾವ ಗರಿ ತಂದು ಕಟ್ಟಿದ ಅಂದರೆ ಊರು ಅದನ್ನು ಒಂದೇ ರೀತಿಯಲ್ಲಿ ಓದುತ್ತದೆ. ಹುಡುಗಿ ಇವನಿಗೇ ಎಂದು ಬೇಲಿ ಹಾಕಿದ ಹಾಗೆ. ಗುಡಿಸಲು ಜೈಲಲ್ಲ ಎಂದು ಅರ್ಧ ಗಂಟೆಯಲ್ಲಿ ಸಾಬೀತು ಮಾಡುತ್ತಿದ್ದೆ. ಅದರ ಹಿಂದೆ ಬಾಲ್ಯವಿವಾಹ ನಿಂತಿದ್ದರೆ ಅದೇ ಅರ್ಧ ಗಂಟೆಯಲ್ಲಿ ಹುಡುಗಿಯನ್ನು ಆ ಮನೆಯಿಂದ ದೂರ ಇಡಿ ಎಂದು ನಾನೇ ಕೇಳಬೇಕಾಗುತ್ತಿತ್ತು.

ಹುಡುಗಿಯನ್ನು ನೋಡಲು ಇಬ್ಬರೂ ಹೋದೆವು. ಎಂಟನೇ ಕ್ಲಾಸು, ಎರಡು ಜಡೆ, ಗೃಹದವರು ಕೊಟ್ಟ ದೊಗಳೆ ಚೂಡಿದಾರ್. ತಮಿಳಿನಲ್ಲಿ ಕೇಳಿದ್ದಕ್ಕೆಲ್ಲ ಒಂದೊಂದು ಮಾತಿನ ಉತ್ತರ ಕೊಟ್ಟಳು. ನಾನು ಮನೆಮಾತಿಗೆ ಇಳಿದ ಕೂಡಲೇ ಬಾಯಿ ಬಿಚ್ಚಿದಳು. ತಮಿಳು ಕಲೆತ ನಮ್ಮ ಈ ಕನ್ನಡದಲ್ಲಿ ಊಟ್ಟು ಅಂದರೆ ಮನೆ, ಸೋರು ಅಂದರೆ ಅನ್ನ, ಸೊಲ್ಲು ಅಂದರೆ ಹೇಳು.

‘ನಾನ್ ಯಾವಾಗ್ ಊಟ್ಟುಗೆ ಹೋಗೋದು? ನಂಗೆ ಪರೀಕ್ಷೆ ಇದೆ. ಮಾಮನ್ ವರ್ಕ್‌ಶಾಪಿಗೆ ಮಧ್ಯಾಹ್ನ ಸೋರು ಯಾರ್ ತಕ್ಕೊಂಡ್ ಹೋಗ್ತಾರೆ?’

‘ಮಾಮ ನಿನ್ನ ಚೆನ್ನಾಗಿ ನೋಡ್ಕೋತಾನಾ?’

‘ಏನಕ್ಕಾ ಕೇಳ್ತೀ? ಅವ್ನೇ ತಾನೇ ನೋಡ್ಕೊಳ್ಳೋದು.’ ಹುಬ್ಬು ಗಂಟಿಕ್ಕಿ ನನ್ನನ್ನು ನೋಡಿದಳು. ‘ಆ ಫೋನ್ ಮಾಡ್ದೋರು ಯಾರು? ಸೊಲ್ಲು ಅಕ್ಕಾ. ಅವ್ರ್ ಕೈ ಬಿದ್ದೋಗ್ಲಿ. ಕುಡಿಸೆಲಿ ಜಮ್ ಅಂತ ಕೂತಿದ್ದೆ, ಬಂದು ಕಳ್ಳೀನ ಹಿಡ್ಕೊಂಡ್ ಹೋದಂಗೆ ಹೋದ್ರು. ಬೀದಿ ಪೂರಾ ನೋಡ್ತು.’

ಫೋನ್ ಮಾಡಿದವರ ಹೆಸರು ನಮಗೂ ಗೊತ್ತಿರುವುದಿಲ್ಲ, ಗೊತ್ತಿದ್ದರೂ ಹೇಳುವ ಹಾಗಿಲ್ಲ ಎಂದೆ. ಅವಳಿಗೆ ಸಮಾಧಾನವಾಗಲಿಲ್ಲ. ನಾವು ಹೊರಟಾಗಲೂ ಶಾಪ ಹಾಕುತ್ತಲೇ ಇದ್ದಳು.

ಮೊದಲ ವಿಚಾರಣೆಯ ದಿನ ನನ್ನ ಕಿರಿಯಳು ಚೆನ್ನಾಗಿಯೇ ಮಾತಾಡಿದಳು. ಹುಡುಗಿಗೆ ಮನೆಗೆ ಹೋಗುವ ಆಸೆಯಿದೆ, ಶಾಲೆ ತಪ್ಪುತ್ತಿದೆ, ಗುಡಿಸಲು ಶಿಕ್ಷೆಯಲ್ಲ ಎಂದಳು. ಅಧ್ಯಕ್ಷೆ ತಾಳ್ಮೆಯ ಹೆಂಗಸು. ಎಲ್ಲ ಕೇಳಿಸಿಕೊಂಡು ಮಾವನ ಕಡೆ ತಿರುಗಿ ತಮಿಳಿನಲ್ಲಿ ನೇರವಾಗಿ ಕೇಳಿದರು: ‘ಈ ಹುಡುಗಿಯನ್ನು ನೀನು ಮದುವೆ ಮಾಡಿಕೊಳ್ಳುವ ಮಾತು ಮನೆಯಲ್ಲಿ ನಡೆದಿದೆಯಾ?’

ಅವನು ಎಣ್ಣೆ ಕಪ್ಪು ಹತ್ತಿದ ಉಗುರುಗಳನ್ನು ನೋಡುತ್ತ ನಿಂತ. ಪಕ್ಕದಲ್ಲಿದ್ದ ಅಜ್ಜಿಗೆ ತಡೆಯಲಾಗಲಿಲ್ಲ. ನನ್ನನ್ನು ಮೊದಲೇ ಗುರುತು ಹಿಡಿದಿದ್ದಳು. ನಮ್ಮವಳು, ನಮ್ಮ ಮಾತು ನಮ್ಮೊಳಗೇ ಇರುತ್ತದೆ ಎಂಬ ಧೈರ್ಯದಲ್ಲಿ ನನ್ನ ಕಡೆ ಕೈ ಚಾಚಿ ಮನೆಮಾತಿನಲ್ಲೇ ಗುಡುಗಿದಳು:

‘ನಂ ಪುಳ್ಳೆ, ನಂ ಮಗು, ನಂ ಮುರೈ! ತಾಯ್ಮಾಮ ಇರೋವಾಗ ಇವ್ರ್ ಯಾರವ್ವಾ ಕೇಳೋದು? ಕುಡಿಸೆ ಸುಟ್ಟ ದಿನಾನೇ ನಂ ದೇವ್ರ್ ಮುಂದೆ ತಾಳಿ ಕಟ್ಟಿಸ್‌ಬೇಕು ಅಂತಿದ್ದೆ, ಕೆಡಿಸ್‌ಬಿಟ್ರು. ಪುಳ್ಳೆ ಬರ್ಲಿ, ಕಟ್ಟಿಸ್ತೀನಿ. ಯಾರ್ ತಡೀತಾರೋ ನೋಡ್ತೀನಿ!’

‘ಏನು ಹೇಳುತ್ತಿದ್ದಾರೆ?’ ಎಂದು ಅಧ್ಯಕ್ಷೆ ನನ್ನನ್ನು ಕೇಳಿದರು.

ಕೋಣೆಯಲ್ಲಿ ಆ ಮಾತು ಅರ್ಥವಾದವರು ನಾವು ನಾಲ್ಕೇ ಜನ. ಏನೋ ಒಂದು ಹೇಳಿ ತೇಲಿಸಬಹುದಿತ್ತು. ಅಜ್ಜಿಯೂ ಅದನ್ನೇ ಕಾಯುತ್ತಿದ್ದಳು. ಆದರೆ ಅವಳು ನನ್ನ ಕಕ್ಷಿದಾರಳಲ್ಲ. ತಾಳಿ ಕಟ್ಟಿಸಿಕೊಳ್ಳಬೇಕಾದವಳು ನನ್ನ ಕಕ್ಷಿದಾರಳು. ಅಜ್ಜಿ ಹೇಳಿದ್ದನ್ನು ಒಂದಕ್ಷರ ಬಿಡದೆ ತಮಿಳಿನಲ್ಲಿ ಹೇಳಿದೆ. ಅಜ್ಜಿ ಬಾಯಿ ತೆರೆದು ನನ್ನನ್ನೇ ನೋಡಿದಳು. ‘ನಂ ಜನವಾಗಿ ಹಿಂಗ್ ಮಾಡ್ದೆಯಲ್ಲಾ’ ಎಂದಳು. ಹುಡುಗಿ ತಲೆ ತಗ್ಗಿಸಿ ಜಡೆಯ ರಿಬ್ಬನ್ನು ಬಿಚ್ಚಿ ಬಿಚ್ಚಿ ಕಟ್ಟುತ್ತಿದ್ದಳು. ನನಗೆ ಸಂಕಟವಾಯಿತು. ಆದರೂ ಅದೇ ಮಾತನ್ನು ಇನ್ನೊಮ್ಮೆ ಕೇಳಿದ್ದರೆ ಇನ್ನೊಮ್ಮೆ ಹಾಗೇ ಹೇಳುತ್ತಿದ್ದೆ.

ಅಧ್ಯಕ್ಷೆ ಆವತ್ತು ಆದೇಶ ಬರೆಸಲಿಲ್ಲ, ಮನಸ್ಸಿನಲ್ಲಿದ್ದುದನ್ನು ಮಾತ್ರ ಹೇಳಿದರು. ಕೊಡೈಕಾನಲ್‌ನಲ್ಲಿ ಶಾಲೆಯ ಜೊತೆಗಿರುವ ಒಳ್ಳೆಯ ಮಕ್ಕಳ ಗೃಹವಿದೆ. ಮುಂದಿನ ವಿಚಾರಣೆಯೊಳಗೆ ಈ ಮನೆ ಸುರಕ್ಷಿತ ಎಂದು ಯಾರೂ ತೋರಿಸದಿದ್ದರೆ ಹುಡುಗಿ ಹದಿನೆಂಟು ತುಂಬುವವರೆಗೂ ಅಲ್ಲೇ ಇರಲಿ. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

‘ಸೋತ್ವಿ ಮೇಡಂ’ ಎಂದಳು ನನ್ನ ಕಿರಿಯಳು ಹೊರಗೆ ಬಂದು.

‘ಬಾಯಿ ಮುಚ್ಚು. ನಾಳೆ ಚಿನ್ನಮನೂರಿಗೆ ಹೋಗ್ತೀವಿ. ಶೂ ಹಾಕ್ಕೊಂಡು ಬರಬೇಡ, ಗದ್ದೆ ಬದುವಿನ ಮೇಲೆ ನಡೀಬೇಕು.’

ಮನೆ ಊರ ಹೊರಗೆ, ಬಾಳೆತೋಟಕ್ಕೂ ಭತ್ತದ ಗದ್ದೆಗೂ ನಡುವೆ ಇತ್ತು. ಮಾವ ವರ್ಕ್‌ಶಾಪಿಗೆ ಹೋಗಿದ್ದ. ಬಸ್ ನಿಲ್ದಾಣದ ಹತ್ತಿರ ಸ್ಕೂಟರ್, ಬೈಕು ರಿಪೇರಿ ಮಾಡುವ ಅಂಗಡಿ ಅವನದು. ಗುಡಿಸಲನ್ನು ಇನ್ನೂ ಸುಟ್ಟಿರಲಿಲ್ಲ. ಗರಿಗಳು ಒಣಗಿ ಕಂದಾಗಿದ್ದವು. ನನ್ನ ಕಿರಿಯಳು ಬಗ್ಗಿ ಒಳಗೆ ನೋಡಿ, ‘ಮೇಡಂ, ಇಲ್ಲಿ ಬನ್ನಿ’ ಎಂದಳು. ಮನೆಯಿಂದ ವೈರು ಎಳೆದು ಒಂದು ಪುಟ್ಟ ಫ್ಯಾನು, ಓದಲು ಒಂದು ಬಲ್ಬು ಹಾಕಿದ್ದ. ಸುತ್ತ ಸೊಳ್ಳೆಪರದೆಯನ್ನು ಗರಿಗೆ ಸೇರಿಸಿ ಹೊಲಿದಿದ್ದ. ಕೆಳಗೆ ಹಲಗೆ ಹಾಸಿ ಹಾವು ಹುಳ ಬರದ ಹಾಗೆ ಎತ್ತರಿಸಿದ್ದ. ಎಲಾ ಇವನ, ನನಗೆ ಗುಡಿಸಲು ಕಟ್ಟಿದ ಮಾವನಿಗೂ ಇಷ್ಟು ಬುದ್ಧಿ ಇದ್ದಿದ್ದರೆ ಎಂದುಕೊಂಡೆ. ಹೆಂಡತಿಯಾಗಲಿ ಎಂದು ಕಟ್ಟಿದ ಗುಡಿಸಲಿನ ಹಾಗೆ ಅದು ನನಗೆ ಕಾಣಲಿಲ್ಲ. ಆದರೆ ನನಗೆ ಹಾಗೆ ಕಾಣಲಿಲ್ಲ ಎಂದರೆ ಸಮಿತಿ ಒಪ್ಪುತ್ತದೆಯೇ?

ಅಜ್ಜಿ ನಮ್ಮನ್ನು ಕಂಡು ಮುಖ ತಿರುಗಿಸಿದಳು. ಆದರೂ ಮಜ್ಜಿಗೆ ಕೊಟ್ಟಳು. ಕೊಡದೆ ಇರಲು ಅವಳಿಂದಾಗಲಿಲ್ಲ. ನಾನು ಜಗಲಿಯ ಮೇಲೆ ಅವಳ ಪಕ್ಕ ಕೂತೆ.

‘ಅವ್ವಾ, ಬೈಯೋದಾದ್ರೆ ಬೈದು ಮುಗಿಸು. ಆಮೇಲೆ ಒಂದ್ ವಿಷ್ಯ ಸೊಲ್ಲು. ಇಷ್ಟು ಚಿಕ್ಕ ಪುಳ್ಳೆಗೆ ತಾಳಿ ಯಾಕೆ? ನಿನ್ ಮಗ್ನಿಗೆ ಬೇರೆ ಹೆಣ್ಣು ಸಿಗಲ್ವಾ?’

‘ಮಗ್ನಿಗಾಗಿ ಯಾರ್ ಮಾಡ್ತಾರೆ!’ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ‘ಪುಳ್ಳೆ ದೊಡ್ಡೋಳಾದ್ಲು ಅಂತ ಕೇಳಿದ್ರೆ ಅವ್ಳಪ್ಪ ಬರ್ತಾನೆ. ಅವ್ನ್ ಅಕ್ಕನ್ ಮಗ ಒಬ್ಬ ಇದಾನೆ, ಕುಡುಕ್ ನಾಯಿ. ಅಪ್ಪ ಕೇಳಿದ್ರೆ ಕೊಡ್ದೆ ಇರೋಕಾಗುತ್ತಾ? ನಾವ್ ಯಾರು? ತಾಯ್ ಕಡೆಯೋರು. ಸೋರ್ ಹಾಕೋ ಹಕ್ಕು ಇದೆ, ಇಟ್ಕೊಳ್ಳೋ ಹಕ್ಕು ಇಲ್ಲ. ತಾಳಿ ಒಂದ್ ಕಟ್ಬಿಟ್ರೆ ಯಾವ ನಾಯೀನೂ ಬರಲ್ಲ. ಅವ್ಳು ಇಲ್ಲೇ ಇರ್ತಾಳೆ. ಅಷ್ಟೇ ತಾನೇ ನಂಗೆ ಬೇಕಾದ್ದು?’

ನನಗೆ ಕೋಪವೂ ಬಂತು, ಅಯ್ಯೋ ಎಂದೂ ಅನ್ನಿಸಿತು. ಮೊಮ್ಮಗಳನ್ನು ಮನೆಯಲ್ಲಿ ಉಳಿಸಿಕೊಳ್ಳಲು ಈ ಮುದುಕಿಗೆ ಗೊತ್ತಿದ್ದ ಕಾನೂನು ಒಂದೇ. ಆ ಕಾನೂನು ಹುಡುಗಿಯನ್ನು ಸುಡುತ್ತದೆ ಎಂಬುದು ಮಾತ್ರ ಅವಳಿಗೆ ಕಾಣುತ್ತಿರಲಿಲ್ಲ.

ಮರುದಿನ ಸಮಿತಿಯ ಎದುರಿನ ಟೀ ಅಂಗಡಿಯಲ್ಲಿ ಸಹಾಯವಾಣಿಯ ಕೆಲಸಗಾರ್ತಿ ಸಿಕ್ಕಳು, ಹುಡುಗಿಯನ್ನು ಕರೆತಂದವಳು. ‘ಅವತ್ತಿನ ಫೋನೇ ವಿಚಿತ್ರ ಮೇಡಂ’ ಎಂದು ನಕ್ಕಳು. ‘ಹೆಸರು ಹೇಳಲಿಲ್ಲ. ಬೇಗ ಬನ್ನಿ, ಮದುವೆ ಮಾಡಿಬಿಡ್ತಾರೆ ಅಂದ, ಅಲ್ಲಿ ಮದುವೆಯ ಸುಳಿವೇ ಕಾಣದ್ದಕ್ಕೆ ನಾವು ವರದಿಗೆ ಗುಡಿಸಲಷ್ಟೇ ಹಾಕಿದ್ವಿ. ಫೋನಿನಲ್ಲೇ ನಮಗೆ ಪಾಠ ಬೇರೆ. ಪೊಲೀಸ್ ಯೂನಿಫಾರಂನಲ್ಲಿ ಬರಬೇಡಿ, ಹೆದರ್ತಾಳೆ. ಗಾಡಿಯಲ್ಲಿ ಮುಂದೆ ಕೂರಿಸಿ, ಹಿಂದೆ ಕೂತರೆ ವಾಂತಿ ಮಾಡ್ತಾಳೆ. ಸ್ಕೂಲ್ ಬ್ಯಾಗು ಮರೀಬೇಡಿ!’ ನನಗೂ ನಗು ಬಂತು. ಯಾರೋ ಮೇಷ್ಟರಿರಬೇಕು ಎಂದುಕೊಂಡೆ.

ಆವತ್ತೇ ಮಧ್ಯಾಹ್ನ ಮಾವ ನನ್ನ ಆಫೀಸಿಗೆ ಬಂದ. ಕುರ್ಚಿಯ ತುದಿಯಲ್ಲಿ ಕೂತು, ಕೈಯಲ್ಲಿದ್ದ ಬೈಕ್ ಕೀ ತಿರುಗಿಸುತ್ತ ಕೇಳಿದ.

‘ಅಕ್ಕಾ, ನಿಜವಾಗ್ಲೂ ಕೊಡೈಗೆ ಕಳಿಸ್‌ಬಿಡ್ತಾರಾ?’

‘ಕಳಿಸಬಹುದು.’

‘ಹಂಗಾದ್ರೆ ಒಂದ್ ಮಾತು ಅವ್ರಿಗ್ ಸೊಲ್ಲಿ. ಘಾಟಿ ರೋಡು. ಮುಂದೆ ಕೂರ್ಸಬೇಕು. ಹಿಂದೆ ಕೂತ್ರೆ ಪಾಪ, ವಾಂತಿ ಮಾಡ್ತಾಳೆ.’

ನಾನು ಪೆನ್ನು ಕೆಳಗಿಟ್ಟೆ. ಅವನ ಮುಖ ನೋಡಿದೆ. ನನ್ನ ಕಿರಿಯಳಿಗೆ ಹೊರಗೆ ಹೋಗುವಂತೆ ಕಣ್ಣಲ್ಲೇ ಹೇಳಿದೆ.

‘ಲೋ, ಮೊದಲೇ ಹೇಳ್ಬಿಡ್ತೀನಿ. ನಾನು ಪುಳ್ಳೆ ವಕೀಲೆ, ನಿನ್ನ ವಕೀಲೆ ಅಲ್ಲ. ನೀನು ಹೇಳಿದ್ದರಿಂದ ಅವಳಿಗೆ ಒಳ್ಳೇದಾಗೋ ಹಂಗಿದ್ರೆ ಅದನ್ನ ಉಪಯೋಗಿಸ್ಕೋತೀನಿ. ಈಗ ಹೇಳು. ಫೋನ್ ಮಾಡ್ದೋನು ನೀನೇ ತಾನೇ?’

ಬೈಕ್ ಕೀ ನೆಲಕ್ಕೆ ಬಿತ್ತು. ಅವನು ಎತ್ತಿಕೊಳ್ಳಲಿಲ್ಲ.

‘ಆಮಾಕ್ಕಾ, ಹೌದು’ ಎಂದ. ಆಮೇಲೆ ಕಟ್ಟೆ ಒಡೆದ ಹಾಗೆ ಮಾತು ಹೊರಗೆ ಬಂತು. ಅಕ್ಕ ಸತ್ತಾಗ, ಅವನು ಪಾಪ ಎಂದು ಕರೆಯುವ ಈ ಹುಡುಗಿ ಅವನ ಹೆಗಲ ಮೇಲೆ ನಿದ್ದೆ ಮಾಡುತ್ತಿದ್ದಳಂತೆ. ಆವತ್ತಿನಿಂದ ಅವಳು ಅವನಿಗೆ ಮಗಳು. ಗುಡಿಸಲು ಕಟ್ಟಬೇಕೋ ಬೇಡವೋ ಎಂದು ಯೋಚಿಸಿದನಂತೆ. ‘ಕಟ್ದೆ ಇದ್ರೆ, ಇವ್ಳಿಗೆ ಮಾಮನೇ ಇಲ್ವಾ ಅಂತ ಸ್ಕೂಲ್ ಹುಡ್ಗೀರು ಕೇಳ್ತಾರೆ. ಅಪ್ಪ ಇಲ್ಲ, ಅಮ್ಮ ಇಲ್ಲ, ಮಾಮಾನೂ ಇಲ್ದಂಗಾಗ್ಬೇಕಾ? ಅದಕ್ಕೆ ಕಟ್ದೆ. ಕಟ್ಟಿದ್ ಮೇಲೆ ಬಂದೋರೆಲ್ಲ ನನ್ ಬೆನ್ ತಟ್ಟಿ ಮಾಪ್ಳೆ ಅಂದ್ರು. ಅಂದ್ರೆ ಮದ್ಲಿಂಗ! ನಂಗೆ ಕುಡಿಸೆ ಒಳ್ಗೆ ಅವ್ಳ್ ಮುಖ ನೋಡೋಕಾಗ್ಲಿಲ್ಲ ಅಕ್ಕಾ.’

‘ಅವ್ವಂಗೆ ಬೇಡ ಅನ್ನೋಕೆ ಏನಾಗಿತ್ತು?’

‘ಅಂದೆ. ಎಷ್ಟ್ ಸಲ ಅಂದೆ. ನೀ ಕಟ್ಟದಿದ್ರೆ ಇನ್ನೊಬ್ಬನ್ನ ನೋಡ್ತೀನಿ ಅಂದ್ಲು. ಸರ್ಕಾರದೋರು ಬಂದು ಅವ್ವನ್ನ ನಾಲ್ಕ್ ಮಾತು ಬೈದು ಹೋಗ್ತಾರೆ, ಅವ್ವ ಹೆದ್ರಿ ಸುಮ್ನಾಗ್ತಾಳೆ ಅಂದ್ಕೊಂಡೆ. ಪುಳ್ಳೇನೇ ಎತ್ಕೊಂಡ್ ಹೋಗ್ತಾರೆ ಅಂತ ನಂಗೇನ್ ಗೊತ್ತು?’ ಇಷ್ಟು ದೊಡ್ಡ ಗಂಡಸು ಅಂಗೈಯಿಂದ ಕಣ್ಣೊರೆಸಿಕೊಂಡ. ಹಣೆಗೆಲ್ಲ ಎಣ್ಣೆ ಮೆತ್ತಿತು.

ಅಯ್ಯೋ ಮಂಕೇ ಎಂದು ಬೈದೆ. ಮನಸ್ಸಾರೆ ಬೈದೆ. ಬೈಯುತ್ತ ಬೈಯುತ್ತಲೇ ನನಗೆ ದಾರಿ ಕಂಡಿತು. ಅಪ್ಪ ಬಿಟ್ಟುಹೋದ ಮಗುವನ್ನು ಸಮಿತಿ ಯೋಗ್ಯ ಬಂಧುಗಳ ಸುಪರ್ದಿಗೆ ಕೊಡಬಹುದು, ಲಿಖಿತ ಆದೇಶದ ಮೇಲೆ. ಆಮೇಲೆ ಸಮಿತಿಯನ್ನು ಕೇಳದೆ ಅಪ್ಪನೂ ಎಳೆದುಕೊಂಡು ಹೋಗುವ ಹಾಗಿಲ್ಲ. ಅಜ್ಜಿಗೆ ಬೇಕಾದ ಬೇಲಿ ಕಾನೂನಿನಲ್ಲೇ ಇತ್ತು. ಆದರೆ ಸಮಿತಿ ಒಪ್ಪಬೇಕಾದರೆ, ಈ ಮನೆಯಲ್ಲಿ ಹುಡುಗಿಗಾಗಿ ಅಡ್ಡ ನಿಲ್ಲುವವನೊಬ್ಬನಿದ್ದಾನೆ ಎಂದು ಗೊತ್ತಾಗಬೇಕು. ಅದಕ್ಕೆ ಆ ಫೋನಿಗಿಂತ ದೊಡ್ಡ ಸಾಕ್ಷಿ ಇರಲಿಲ್ಲ.

‘ಫೋನಿನ ವಿಷ್ಯ ನಾನ್ ಹೇಳಲ್ಲ’ ಎಂದೆ. ‘ಅದು ನಿನ್ನ ಗುಟ್ಟು, ಕಾನೂನೂ ಅದನ್ನ ಕಾಯುತ್ತೆ. ಹೇಳೋದಾದ್ರೆ ನೀನೇ ಹೇಳ್ಬೇಕು. ನಿನ್ ಅವ್ವನ ಮುಂದೆ.’

‘ಅವ್ವ ಸತ್ತೋಗ್ತಾಳೆ ಅಕ್ಕಾ.’

‘ಏನೂ ಸಾಯಲ್ಲ. ನಿನ್ನ ನಾಲ್ಕ್ ಬಾರಿಸ್ತಾಳೆ. ಏಟು ತಿನ್ನು.’

ಎರಡನೆಯ ವಿಚಾರಣೆಗೆ ಬರುತ್ತಾನೋ ಇಲ್ಲವೋ ಎಂಬ ಅನುಮಾನ ನನ್ನ ಕಿರಿಯಳಿಗಿತ್ತು. ನನಗಿರಲಿಲ್ಲ. ಬಂದ. ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿದ್ದ, ಕೈಯಲ್ಲಿ ಎರಡು ಹೆಲ್ಮೆಟ್, ಒಂದು ಚಿಕ್ಕದು. ಅಪ್ಪನಿಗೆ ನೋಟಿಸ್ ಹೋಗಿದ್ದರೂ ಅವನ ಸುಳಿವಿರಲಿಲ್ಲ. ಅಧ್ಯಕ್ಷೆ ಮತ್ತೆ ಅದೇ ಪ್ರಶ್ನೆ ಕೇಳಿದರು. ಅವನು ಅವರ ಕಡೆ ತಿರುಗಲೇ ಇಲ್ಲ. ಅಜ್ಜಿಯ ಕಡೆ ತಿರುಗಿ ಮನೆಮಾತಿನಲ್ಲಿ ಹೇಳಿದ.

‘ಅವ್ವಾ. ಫೋನ್ ಮಾಡಿದ್ದು ನಾನು.’

ಅಜ್ಜಿಗೆ ಅರ್ಥವಾಗಲಿಲ್ಲ. ‘ಯಾವ್ ಫೋನು?’

‘ಇವ್ರಿಗೆ. ಬಂದು ಪುಳ್ಳೇನ ಕಾಪಾಡಿ ಅಂತ. ನಾ ಅವ್ಳಿಗೆ ತಾಳಿ ಕಟ್ಟಲ್ಲ. ಈಗ್ಲೂ ಕಟ್ಟಲ್ಲ, ಅವ್ಳಿಗೆ ಹದಿನೆಂಟಾದ್ರೂ ಕಟ್ಟಲ್ಲ. ಅವ್ಳು ನನ್ ಮಗ್ಳು.’

ಅಜ್ಜಿಯ ಕೈ ಎದ್ದಿತು. ಅವನ ಬೆನ್ನಿಗೆ ಧಪ್ ಎಂದು ಒಂದು ಬಿತ್ತು, ಇನ್ನೊಂದು ಬಿತ್ತು. ಮೂರನೆಯದು ಎತ್ತಿದ ಕೈ ಹಾಗೇ ಅವನ ಹೆಗಲ ಮೇಲೆ ನಿಂತುಹೋಯಿತು. ನಾನು ಅವನ ಮಾತನ್ನು ತಮಿಳಿಗೆ ತಿರುಗಿಸಿ ಹೇಳಿದೆ, ಮೊದಲಿನ ಹಾಗೇ, ಒಂದಕ್ಷರ ಬಿಡದೆ. ಸುಪರ್ದಿಯ ಆದೇಶದ ಬಗ್ಗೆ ನನ್ನ ಕಿರಿಯಳು ಎದ್ದು ವಾದಿಸಿದಳು, ಚೆನ್ನಾಗಿ ವಾದಿಸಿದಳು. ಅದನ್ನು ನಾನು ಅಜ್ಜಿಗೆ ಮನೆಮಾತಿನಲ್ಲಿ ಬಿಡಿಸಿ ಹೇಳಿದೆ. ಸರ್ಕಾರವೇ ನಿನ್ನ ಕೈಗೆ ಬರೆದು ಕೊಡುತ್ತದೆ, ಅಪ್ಪ ಬಂದರೆ ಆ ಕಾಗದ ತೋರಿಸು, ನನಗೆ ಫೋನ್ ಮಾಡು ಎಂದೆ.

ಅಜ್ಜಿ ನನ್ನನ್ನೂ ಅಧ್ಯಕ್ಷೆಯನ್ನೂ ಬದಲಾಯಿಸಿ ಬದಲಾಯಿಸಿ ನೋಡಿದಳು. ‘ತಾಳಿ ಇಲ್ದೇನೇ?’ ಎಂದಳು. ‘ತಾಳಿ ಇಲ್ದೇನೇ ಅವ್ಳು ನಮ್ ಊಟ್ಟಲ್ಲಿ ಇರ್ಬೋದಾ?’

‘ಇರಬಹುದು ಅವ್ವಾ.’

‘ಇದ್ನ ಮೊದ್ಲೇ ಯಾರಾದ್ರೂ ಸೊಲ್ಲಿದ್ರೆ...’ ಎಂದು ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತಳು. ಗೆದ್ದೆವು ಎಂದು ನನಗೆ ಆಗಲೇ ಗೊತ್ತಾಯಿತು. ಖುಷಿಯಲ್ಲಿ ನನ್ನ ಕಿರಿಯಳ ಕೈ ಹಿಸುಕಿದೆ.

ಆಗ ಹುಡುಗಿ ಎದ್ದಳು. ಅಷ್ಟು ಹೊತ್ತು ಅವಳನ್ನು ಯಾರೂ ನೋಡಿರಲಿಲ್ಲ. ಮುಖ ಬಿಳಿಚಿಕೊಂಡಿತ್ತು. ಮಾವನ ಎದುರಿಗೆ ಹೋಗಿ ನಿಂತಳು.

‘ನೀನಾ?’ ಎಂದಳು. ‘ನೀನಾ ಮಾಮ, ನನ್ನ ಹಿಡ್ಕೊಟ್ಟಿದ್ದು? ದಿನಾ ರಾತ್ರಿ ನಿನ್ನ ಕಾಯ್ತಿದ್ದೆ. ಮಾಮ ಬರ್ತಾನೆ, ಬಂದು ಕರ್ಕೊಂಡ್ ಹೋಗ್ತಾನೆ ಅಂತ.’

‘ಪಾಪಾ, ನಿನ್ ಒಳ್ಳೇದಕ್ಕೇ...’

‘ನನ್ನ ಕೇಳ್ದೆಯಾ?’ ಎಂದು ಅಜ್ಜಿಯ ಕಡೆ ಬೆರಳು ತೋರಿಸಿದಳು. ‘ಪಾಟಿ ತಾಳಿ ಅಂದ್ಲು, ನನ್ನ ಕೇಳ್ಲಿಲ್ಲ. ನೀ ಫೋನ್ ಮಾಡ್ದೆ, ನನ್ನ ಕೇಳ್ಲಿಲ್ಲ. ನಾ ಬೇಡ ಅಂದಿದ್ರೆ ಪಾಟಿ ಕೇಳ್ತಿದ್ಲು. ನಾ ಹೇಳಿದ್ನ ಪಾ‌ಟಿ ಯಾವತ್ತು ಕೇಳಿಲ್ಲ? ಸೊಲ್ಲು!’

ಅದು ನಿಜವಿರಬೇಕು. ಅಜ್ಜಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಧ್ಯಕ್ಷೆ ನನ್ನ ಕಡೆ ನೋಡಿದರು. ನಾನು ಅದನ್ನೂ ತಮಿಳಿನಲ್ಲಿ ಹೇಳಿದೆ.

‘ನೀನು ಹೇಳು ಹಾಗಾದರೆ’ ಎಂದರು ಅಧ್ಯಕ್ಷೆ. ‘ಈಗ ನಾನು ಕೇಳುತ್ತಿದ್ದೇನೆ. ಕೊಡೈಕಾನಲ್‌ನ ಶಾಲೆಯಾ, ಈ ಮನೆಯಾ?’

ಹುಡುಗಿ ಗೋಡೆಯ ಮೇಲಿನ ನವಿಲನ್ನು ನೋಡಿದಳು, ಅಜ್ಜಿಯನ್ನು ನೋಡಿದಳು. ‘ಮನೆ’ ಎಂದಳು ಕೊನೆಗೆ ತಮಿಳಿನಲ್ಲಿ. ‘ಆದರೆ ಇನ್ನು ಮೇಲೆ ನನ್ನ ವಿಷಯ ಮೊದಲು ನನಗೆ ಹೇಳಬೇಕು. ಅದನ್ನೂ ಬರೆಯಿರಿ.’

ಅಧ್ಯಕ್ಷೆ ಅದನ್ನೂ ಬರೆಸಿದರು. ಮದುವೆಯ ಮಾತು ಎತ್ತಬಾರದು, ಸಮಿತಿಯವರು ಬಂದು ನೋಡುತ್ತಿರಬೇಕು, ಶಾಲೆ ತಪ್ಪಬಾರದು ಎಂಬ ಷರತ್ತುಗಳ ಕೆಳಗೆ, ಮಗುವಿಗೆ ಸಂಬಂಧಪಟ್ಟ ಯಾವ ನಿರ್ಧಾರವನ್ನೂ ಮಗುವನ್ನು ಕೇಳದೆ ಮಾಡತಕ್ಕದ್ದಲ್ಲ ಎಂಬ ಸಾಲು ಆ ಆದೇಶದಲ್ಲಿದೆ.

ಬಸ್ ನಿಲ್ದಾಣದವರೆಗೆ ಅವರ ಜೊತೆ ನಾವೂ ನಡೆದು ಹೋದೆವು. ಮಾವ ಬೈಕು ತಳ್ಳಿಕೊಂಡು ಬಂದು ಚಿಕ್ಕ ಹೆಲ್ಮೆಟ್ಟನ್ನು ಹುಡುಗಿಯ ಮುಂದೆ ಹಿಡಿದ. ಅವಳು ತೆಗೆದುಕೊಳ್ಳಲಿಲ್ಲ. ಅಜ್ಜಿಯ ಕೈ ಹಿಡಿದು ಕಂಬಂ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಳು. ಅವನು ಬಸ್ಸಿನ ಹಿಂದೆ ಬೈಕು ನಿಲ್ಲಿಸಿ, ಆ ಹೆಲ್ಮೆಟ್ಟನ್ನು ತೋಳಿಗೆ ನೇತುಹಾಕಿಕೊಂಡು, ತನ್ನದನ್ನು ಹ್ಯಾಂಡಲಿಗೆ ಸಿಕ್ಕಿಸಿ ಬರಿತಲೆಯಲ್ಲಿ ಕಾಯುತ್ತಿದ್ದ. ಚಿನ್ನಮನೂರಿನವರೆಗೂ ಬಸ್ಸಿನ ಹಿಂದೆಯೇ ಬರುತ್ತೇನೆ ಎಂದ ನನಗೆ.

‘ಕ್ಷಮಿಸ್ತಾಳಾ ಮೇಡಂ?’ ಎಂದು ನನ್ನ ಕಿರಿಯಳು ಕೇಳಿದಳು. ನನಗೇನು ಗೊತ್ತು ಎಂದೆ.

ಡ್ರೈವರ್ ಹಾರನ್ ಹೊಡೆದ. ಬಸ್ಸು ಜರುಗಿತು. ಹುಡುಗಿ ಕಿಟಕಿಯಿಂದ ತಲೆ ಹೊರಗೆ ಹಾಕಿ ಹಿಂದೆ ನೋಡಿದಳು. ಅವಳ ಸಿಟ್ಟು ಹಾಗೇ ಇತ್ತು, ಕಣ್ಣು ಊದಿಕೊಂಡಿತ್ತು.

‘ತಲೆಗೆ ಹಾಕ್ಕೊಂಡ್ ಬಾ ಮಾಮ’ ಎಂದು ಕೂಗಿ ಹೇಳಿ, ಮುಖ ಒಳಗೆಳೆದುಕೊಂಡಳು.